ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್: ಇಆರ್ ಡಯಾಗ್ರಂ ಬರೆಯಲು ಎಷ್ಟರಮಟ್ಟಿಗೆ ಒದಗುತ್ತದೆ?

ಡೇಟಾಬೇಸ್ ಪಾಠ ಓದುತ್ತಿರುವ ವಿದ್ಯಾರ್ಥಿಗಳೂ ಸಣ್ಣ ಸಂಸ್ಥೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವರೂ ಇಆರ್ ಡಯಾಗ್ರಂ, ಅಂದರೆ ಮಾಹಿತಿಯ ಘಟಕಗಳನ್ನೂ ಅವುಗಳ ಸಂಬಂಧಗಳನ್ನೂ ತೋರಿಸುವ ನಕ್ಷೆ, ಬರೆಯಬೇಕಾಗಿ ಬಂದಾಗ ತೆರೆಯುವ ತಂತ್ರಾಂಶಗಳಲ್ಲಿ, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ವ್ಯವಸ್ಥೆಯ ಜೊತೆಗೆ ಬಳಸುವ ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್ ಒಂದು. ಅದರ ಕಮ್ಯುನಿಟಿ ಆವೃತ್ತಿಗೆ ಹಣ ಕೊಡಬೇಕಾಗಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಬರೆದ ನಕ್ಷೆಯಿಂದಲೇ ಸರ್ವರ್‌ನಲ್ಲಿ ಟೇಬಲ್‌ಗಳನ್ನು ಸೃಷ್ಟಿಸಿಕೊಡುತ್ತದೆ. ಕ್ವೆರಿ (ಮಾಹಿತಿಗಾಗಿ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಬರೆಯುವುದು, ಸರ್ವರ್ ನಿರ್ವಹಿಸುವುದು, ಬೇರೆ ಡೇಟಾಬೇಸ್‌ನಿಂದ ಮಾಹಿತಿ ಸಾಗಿಸುವುದು ಮುಂತಾದ ಕೆಲಸಗಳಿಗೂ ಅದರಲ್ಲಿ ವ್ಯವಸ್ಥೆಯಿದೆಯಾದರೂ ಈ ವಿಮರ್ಶೆ ಅದರ ಮಾಡೆಲಿಂಗ್ (ನಕ್ಷೆ ಬರೆಯುವ) ಭಾಗಕ್ಕೆ ಸೀಮಿತವಾದುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಟೇಬಲ್‌ಗಳು ಬೇಕೆಂಬುದು ತೀರ್ಮಾನವಾದ ಮೇಲೆ ಅವುಗಳನ್ನು ಅಚ್ಚುಕಟ್ಟಾಗಿ ಬರೆಯಲು, ಮೈಎಸ್‌ಕ್ಯೂಎಲ್ ಬಳಸುವವರಿಗೆ ಇದಕ್ಕಿಂತ ಅನುಕೂಲವಾದ ಉಚಿತ ಸಾಧನ ಸಿಗುವುದು ಕಷ್ಟ. ಆದರೆ ಯಾವ ಟೇಬಲ್‌ಗಳು ಬೇಕೆಂದು ಇನ್ನೂ ಯೋಚಿಸುತ್ತಿರುವ ಹಂತದಲ್ಲಿಯೇ ಇದನ್ನು ತೆರೆದರೆ, ನಾವು ಕೂತು ಉತ್ತರಿಸಬೇಕಾದ ಪ್ರಶ್ನೆಗಳನ್ನು ಇದು ನಮ್ಮ ಪರವಾಗಿ ಸದ್ದಿಲ್ಲದೆ ಉತ್ತರಿಸಿ ಮುಂದೆ ಸಾಗಿಬಿಡುತ್ತದೆ.

ಇದು ಹೀಗೇಕೆಂದು ತಿಳಿಯಲು ಸ್ವಲ್ಪ ಹಿನ್ನೆಲೆ ಬೇಕು. ಮಾಹಿತಿಯನ್ನು ಟೇಬಲ್‌ಗಳ ರೂಪದಲ್ಲಿ ನೋಡುವ ರಿಲೇಶನಲ್ ಮಾದರಿಯನ್ನು ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ 1970ರಲ್ಲಿ ಮಂಡಿಸಿದರು. ಆರು ವರ್ಷಗಳ ಬಳಿಕ, 1976ರಲ್ಲಿ, ಪೀಟರ್ ಚೆನ್ ಎಂಟಿಟಿ-ರಿಲೇಶನ್‌ಶಿಪ್ ಮಾದರಿಯನ್ನು ಪ್ರಕಟಿಸಿದರು. ಲೋಕದಲ್ಲಿರುವ ವಸ್ತು-ವ್ಯಕ್ತಿಗಳನ್ನೂ ಅವುಗಳ ನಡುವಿನ ಸಂಬಂಧಗಳನ್ನೂ ಮೊದಲು ಗುರುತಿಸಿಕೊಂಡು, ಅವು ಯಾವ ಟೇಬಲ್‌ಗಳಾಗಬೇಕೆಂಬುದನ್ನು ಆಮೇಲೆ ನಿರ್ಧರಿಸಬೇಕೆಂಬುದು ಆ ಮಾದರಿಯ ತಿರುಳು. ಆದುದರಿಂದಲೇ ಚೆನ್ ಶೈಲಿಯ ನಕ್ಷೆಯಲ್ಲಿ ಎಂಟಿಟಿಗೆ, ಅಂದರೆ ಅಂಥ ವಸ್ತು-ವ್ಯಕ್ತಿಗೆ, ಆಯತವಿದ್ದಂತೆ ಸಂಬಂಧಕ್ಕೂ ವಜ್ರಾಕೃತಿಯ ಸ್ವಂತ ಸ್ಥಾನವೊಂದಿದೆ, ಮತ್ತು ಆ ಸಂಬಂಧಕ್ಕೆ ತನ್ನದೇ ಆದ ಅಟ್ರಿಬ್ಯೂಟ್‌ಗಳೂ (ಗುಣಲಕ್ಷಣಗಳು) ಇರಬಹುದು. ವರ್ಕ್‌ಬೆಂಚ್ ಬಳಸುವುದು ಇದನ್ನಲ್ಲ. ಅದು ಮೊದಲಿಗೆ ತೋರಿಸುವುದು ಗೆರೆಯ ತುದಿಯಲ್ಲಿ ಮೂರು ಕವಲಿರುವ ಕಾಗೆಗಾಲಿನ ಸಂಕೇತವನ್ನು. ಇಲ್ಲಿ ಸಂಬಂಧವೆಂದರೆ ಎರಡು ಟೇಬಲ್‌ಗಳ ನಡುವಿನ ಒಂದು ಫಾರಿನ್ ಕೀ, ಅಂದರೆ ಒಂದು ಟೇಬಲಿನ ಸಾಲಿನಿಂದ ಇನ್ನೊಂದರ ಸಾಲನ್ನು ಸೂಚಿಸುವ ಕಾಲಂ, ಅಷ್ಟೇ. ಪರದೆಯ ಮೇಲೆ ಕಾಣುವ ಪ್ರತಿಯೊಂದು ಪೆಟ್ಟಿಗೆಯೂ ನಾಳೆ ಸರ್ವರ್‌ನಲ್ಲಿ ಇರಲಿರುವ ಟೇಬಲ್ಲೇ.

ಉದಾಹರಣೆಗೆ ನಮ್ಮಲ್ಲಿ ಸಾವಿರಾರು ವಿದ್ಯಾರ್ಥಿಗಳು ಮಾಡಿ ಮುಗಿಸಿರುವ ಲೆಕ್ಕವನ್ನೇ ತೆಗೆದುಕೊಳ್ಳೋಣ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಕ್ರಮದ ಡಿಬಿಎಂಎಸ್ (ಡೇಟಾಬೇಸ್ ನಿರ್ವಹಣಾ ವ್ಯವಸ್ಥೆ) ಲ್ಯಾಬ್‌ನಲ್ಲಿ ಲೈಬ್ರರಿ, ಆರ್ಡರ್, ಮೂವಿ, ಕಾಲೇಜು, ಕಂಪನಿ ಎಂಬ ಐದು ಡೇಟಾಬೇಸ್‌ಗಳಿದ್ದವು. ಮೊದಲನೆಯದಾದ ಲೈಬ್ರರಿಯಲ್ಲಿ ಪುಸ್ತಕ, ಪುಸ್ತಕದ ಲೇಖಕರು, ಪ್ರಕಾಶಕರು, ಗ್ರಂಥಾಲಯದ ಶಾಖೆಗಳು, ಪ್ರತಿ ಶಾಖೆಯಲ್ಲಿರುವ ಪ್ರತಿಗಳ ಸಂಖ್ಯೆ, ಮತ್ತು ಯಾವ ಶಾಖೆಯಿಂದ ಯಾವ ಕಾರ್ಡಿಗೆ ಯಾವ ಪುಸ್ತಕ ಯಾವ ದಿನ ಹೋಯಿತು ಎಂಬ ಎರವಲಿನ ವಿವರ ಬರುತ್ತವೆ. ಟೇಬಲ್‌ಗಳ ಹೆಸರನ್ನೂ ಕಾಲಂಗಳನ್ನೂ ಪ್ರಶ್ನೆಯಲ್ಲಿಯೇ ಕೊಟ್ಟಿರುವುದರಿಂದ ಇದು ಸುಲಭವಾದ ಅಭ್ಯಾಸವೆಂದು ಹಲವರು ತಿಳಿದಿದ್ದಾರೆ. ಅದೇ ಟೇಬಲ್‌ಗಳಿಂದ ಹಿಂದಕ್ಕೆ ಹೋಗಿ ಇಆರ್ ಡಯಾಗ್ರಂ ಬರೆಯಲು ಕೂತರೆ ಸುಲಭವಲ್ಲವೆಂದು ತಿಳಿಯುತ್ತದೆ.

ಮೊದಲು ವರ್ಕ್‌ಬೆಂಚ್‌ನ ಒಳ್ಳೆಯ ಗುಣಗಳು. ಹೊಸ ಮಾಡೆಲ್ ತೆರೆದು, ಡಯಾಗ್ರಂ ಸೇರಿಸಿ, ಕೀಬೋರ್ಡಿನಲ್ಲಿ ಟಿ ಒತ್ತಿ ಕ್ಲಿಕ್ ಮಾಡಿದರೆ ಟೇಬಲ್ ಬಂದು ಕೂರುತ್ತದೆ. ಕಾಲಂನ ಹೆಸರಿನ ಮುಂದಿರುವ ಚೌಕಗಳಲ್ಲಿ ಟಿಕ್ ಹಾಕುತ್ತ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ), ನಾಟ್ ನಲ್ (ಖಾಲಿ ಬಿಡಲಾಗದ್ದು), ಯುನೀಕ್ (ಮರುಕಳಿಸಬಾರದ್ದು), ಆಟೋ ಇನ್‌ಕ್ರಿಮೆಂಟ್ (ತಾನಾಗಿ ಏರುವ ಸಂಖ್ಯೆ) ಮುಂತಾದವನ್ನು ಗೊತ್ತುಮಾಡಬಹುದು. ಹಳದಿ ಕೀಲಿಕೈ ಇದ್ದರೆ ಪ್ರೈಮರಿ ಕೀ, ತುಂಬಿದ ನೀಲಿ ವಜ್ರವಿದ್ದರೆ ಖಾಲಿ ಬಿಡಲಾಗದ ಕಾಲಂ, ಪೊಳ್ಳು ವಜ್ರವಿದ್ದರೆ ಖಾಲಿ ಬಿಡಬಹುದಾದದ್ದು, ಕೆಂಪು ವಜ್ರವಿದ್ದರೆ ಫಾರಿನ್ ಕೀ. ಇಷ್ಟನ್ನು ಒಮ್ಮೆ ಕಣ್ಣಿಗೆ ಅಭ್ಯಾಸ ಮಾಡಿಕೊಂಡರೆ ಹತ್ತಿಪ್ಪತ್ತು ಟೇಬಲ್‌ಗಳ ನಕ್ಷೆಯನ್ನೂ ಸರಾಗವಾಗಿ ಓದಬಹುದು. ಸಂಬಂಧ ಎಳೆದಾಗ ಫಾರಿನ್ ಕೀ ಕಾಲಂ ತಾನಾಗಿ ಹುಟ್ಟುತ್ತದೆ, ಅದರ ಡೇಟಾಟೈಪ್ ಮೂಲ ಟೇಬಲಿನ ಪ್ರೈಮರಿ ಕೀಯದ್ದೇ ಆಗಿರುತ್ತದೆ. ಕೈಯಿಂದ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆಜ್ಞೆ ಕೊಡುವ ಭಾಷೆ) ಬರೆಯುವವರು ಒಂದು ಕಡೆ ಇಂಟ್, ಇನ್ನೊಂದು ಕಡೆ ಅನ್‌ಸೈನ್ಡ್ ಇಂಟ್ ಎಂದು ಬರೆದು, ಫಾರಿನ್ ಕೀ ಏಕೆ ಕೂರುತ್ತಿಲ್ಲವೆಂದು ಗಂಟೆಗಟ್ಟಲೆ ಹುಡುಕುವ ತಾಪತ್ರಯ ಇಲ್ಲಿ ಹುಟ್ಟುವುದೇ ಇಲ್ಲ.

ಸಂಬಂಧ ಎಳೆಯುವ ಕ್ರಮ ಮಾತ್ರ ಹೊಸಬರನ್ನು ಕಾಡುತ್ತದೆ. ನಾವು ಸಹಜವಾಗಿ ‘ಒಬ್ಬ ಪ್ರಕಾಶಕನಿಗೆ ಅನೇಕ ಪುಸ್ತಕಗಳು’ ಎಂದು ಹೇಳುತ್ತೇವೆ. ಆ ಕ್ರಮದಲ್ಲಿಯೇ ಮೊದಲು ಪ್ರಕಾಶಕರ ಟೇಬಲನ್ನೂ ಆಮೇಲೆ ಪುಸ್ತಕದ ಟೇಬಲನ್ನೂ ಕ್ಲಿಕ್ ಮಾಡುತ್ತೇವೆ. ವರ್ಕ್‌ಬೆಂಚ್ ಕೇಳುವುದು ಇದರ ಉಲ್ಟಾ: ಫಾರಿನ್ ಕೀ ಯಾವ ಟೇಬಲಿನಲ್ಲಿ ಬರಬೇಕೋ ಅದನ್ನು ಮೊದಲು ಒತ್ತಬೇಕು. ಗಮನಿಸದೆ ಹೋದರೆ ಪ್ರಕಾಶಕರ ಟೇಬಲಿನೊಳಗೆ ಪುಸ್ತಕದ ಸಂಖ್ಯೆ ಬಂದು ಕೂತು, ಪ್ರತಿ ಪ್ರಕಾಶಕನಿಗೂ ಒಂದೇ ಪುಸ್ತಕ ಎಂದಾಗುತ್ತದೆ. ಏನು ಮಾಡಬೇಕೆಂಬ ಸೂಚನೆ ಪರದೆಯಲ್ಲಿ ಬರುತ್ತದೆ, ನಿಜ. ಅದನ್ನು ಓದುವ ತಾಳ್ಮೆ ಲ್ಯಾಬಿನ ಗಡಿಬಿಡಿಯಲ್ಲಿ ಎಷ್ಟು ಜನರಿಗಿರುತ್ತದೆ?

ಇದು ಅಭ್ಯಾಸದಿಂದ ನೀಗುವ ತೊಡಕು. ನಿಜವಾದ ತೊಡಕಿರುವುದು ಎರವಲಿನ ಟೇಬಲಿನಲ್ಲಿ. ಚೆನ್ ರೀತಿಯಲ್ಲಿ ಯೋಚಿಸಿದರೆ ಎರವಲು ಎಂಬುದು ಪುಸ್ತಕ, ಶಾಖೆ, ಓದುಗ ಎಂಬ ಮೂರು ಎಂಟಿಟಿಗಳನ್ನು ಒಟ್ಟಿಗೆ ಹಿಡಿದಿರುವ ಒಂದೇ ಸಂಬಂಧ; ಕೊಟ್ಟ ದಿನಾಂಕವೂ ಹಿಂತಿರುಗಿಸಬೇಕಾದ ದಿನಾಂಕವೂ ಆ ಸಂಬಂಧದ ಅಟ್ರಿಬ್ಯೂಟ್‌ಗಳು. ವರ್ಕ್‌ಬೆಂಚ್‌ನಲ್ಲಿ ಮೂವರನ್ನು ಕೂಡಿಸುವ ಸಂಬಂಧವೂ ಇಲ್ಲ, ಅಟ್ರಿಬ್ಯೂಟ್ ಹೊತ್ತ ಸಂಬಂಧವೂ ಇಲ್ಲ. ಆದ್ದರಿಂದ ಎರವಲಿಗೆ ಒಂದು ಟೇಬಲ್ ಹಾಕಿ, ಅದರಿಂದ ಮೂರು ಕಡೆಗೆ ಗೆರೆ ಎಳೆಯಬೇಕು. ಎಳೆಯುವಾಗ ಕೀಬೋರ್ಡಿನ 2 ಒತ್ತಿದರೆ ನಾನ್-ಐಡೆಂಟಿಫೈಯಿಂಗ್, 4 ಒತ್ತಿದರೆ ಐಡೆಂಟಿಫೈಯಿಂಗ್ ಸಂಬಂಧ. ಎರಡೂ ಒಂದಕ್ಕೆ ಅನೇಕ ಎಂಬ ಸಂಬಂಧಗಳೇ. ನೋಟಕ್ಕೆ ಇರುವ ವ್ಯತ್ಯಾಸ ಗೆರೆ ತುಂಡುತುಂಡಾಗಿದೆಯೋ ಅಖಂಡವಾಗಿದೆಯೋ ಎಂಬುದು ಮಾತ್ರ. ಆದರೆ 4 ಒತ್ತಿ ಎಳೆದ ಮೂರೂ ಫಾರಿನ್ ಕೀಗಳು ಎರವಲಿನ ಪ್ರೈಮರಿ ಕೀಯೊಳಗೆ ಸೇರಿಕೊಳ್ಳುತ್ತವೆ. ಆಗ ಪುಸ್ತಕದ ಸಂಖ್ಯೆ, ಶಾಖೆಯ ಸಂಖ್ಯೆ, ಕಾರ್ಡಿನ ಸಂಖ್ಯೆ ಈ ಮೂರರ ಜೋಡಣೆ ಟೇಬಲಿನಲ್ಲಿ ಒಮ್ಮೆ ಮಾತ್ರ ಬರಬಹುದು. ಅಂದರೆ ಓದುಗನೊಬ್ಬ ಒಂದು ಶಾಖೆಯಿಂದ ಒಮ್ಮೆ ಒಯ್ದು ಹಿಂದಿರುಗಿಸಿದ ಪುಸ್ತಕವನ್ನು ಅದೇ ಶಾಖೆಯಿಂದ ಜನ್ಮದಲ್ಲಿ ಮತ್ತೊಮ್ಮೆ ಒಯ್ಯುವಂತಿಲ್ಲ. ಒಯ್ಯಲು ಹೋದರೆ ಡೂಪ್ಲಿಕೇಟ್ ಎಂಟ್ರಿ ಎಂಬ 1062ನೇ ಎರರ್ ಬರುತ್ತದೆ.

ಹಳೆಯ ಎರವಲುಗಳನ್ನು ಅಳಿಸಿಬಿಟ್ಟರೆ ಸರಿಹೋಗುತ್ತದಲ್ಲವೇ ಎಂದು ಕೇಳಬಹುದು. ಅದೇ ಲ್ಯಾಬ್ ಪ್ರಶ್ನೆಯಲ್ಲಿ 2017ರ ಜನವರಿಯಿಂದ ಜೂನ್‌ವರೆಗೆ ಮೂರಕ್ಕಿಂತ ಹೆಚ್ಚು ಪುಸ್ತಕ ಒಯ್ದವರ ವಿವರ ಕೊಡಿ ಎಂಬ ಕ್ವೆರಿಯೂ ಇದೆ. ಇತಿಹಾಸವನ್ನು ಉಳಿಸಿಕೊಳ್ಳಬೇಕೆಂಬುದು ಆ ಕ್ವೆರಿಯಲ್ಲಿಯೇ ಅಡಗಿದೆ. ಹಾಗಿದ್ದ ಮೇಲೆ ಕೊಟ್ಟ ದಿನಾಂಕವನ್ನೂ ಪ್ರೈಮರಿ ಕೀಯೊಳಗೆ ಸೇರಿಸಬೇಕು, ಇಲ್ಲವೇ 2 ಒತ್ತಿ ಎಳೆದು ಎರವಲಿಗೆ ಅದರದೇ ಆದ ಸಂಖ್ಯೆಯೊಂದನ್ನು ಕೊಡಬೇಕು. ನಾನು ಎರಡನೆಯದನ್ನು ಮೆಚ್ಚುತ್ತೇನೆ, ಏಕೆಂದರೆ ಬೆಳಿಗ್ಗೆ ಒಯ್ದು, ಅಂದೇ ಹಿಂದಿರುಗಿಸಿ, ಸಂಜೆ ಮತ್ತೆ ಒಯ್ಯುವವರೂ ಇರುತ್ತಾರೆ. ಯಾವುದು ಸರಿಯೆಂಬುದು ಗ್ರಂಥಾಲಯದ ನಿಯಮವನ್ನು ಅವಲಂಬಿಸಿದ ಪ್ರಶ್ನೆ, ಮತ್ತು ಅದನ್ನು ಗ್ರಂಥಪಾಲಕರನ್ನು ಕೇಳಿಯೇ ತಿಳಿಯಬೇಕು. ವರ್ಕ್‌ಬೆಂಚ್ ಈ ಪ್ರಶ್ನೆಯನ್ನು ನಮ್ಮ ಮುಂದಿಡುವುದೇ ಇಲ್ಲ, ಯಾವ ಬಟನ್ ಒತ್ತಿದೆವೋ ಅದನ್ನೇ ನಿಯಮವೆಂದು ಬರೆದುಕೊಳ್ಳುತ್ತದೆ. ವಜ್ರಾಕೃತಿಯೊಂದನ್ನು ಕಾಗದದ ಮೇಲೆ ಬರೆದು, ಅದಕ್ಕೆ ದಿನಾಂಕದ ಅಂಡಾಕೃತಿಯನ್ನು ತಗುಲಿಸಿದವನಿಗೆ ‘ಈ ದಿನಾಂಕ ಬದಲಾದರೆ ಇದು ಬೇರೆ ಎರವಲೇ?’ ಎಂಬ ಸಂಶಯ ತಾನಾಗಿ ಹುಟ್ಟುವ ಸಾಧ್ಯತೆ ಹೆಚ್ಚು.

ಪ್ರತಿಗಳ ಸಂಖ್ಯೆಯದೂ ಇಂಥದೇ ಕಥೆ. ಶಾಖೆಯಲ್ಲಿ ಒಂದು ಪುಸ್ತಕದ ಐದು ಪ್ರತಿಗಳಿವೆಯೆಂದು ಅಂಕಿಯಲ್ಲಿ ಬರೆದರೆ, ಐದರಲ್ಲಿ ಯಾವ ಪ್ರತಿ ಯಾರ ಮನೆಯಲ್ಲಿದೆಯೆಂದು ಹೇಳಲಾಗದು. ನಿಜವಾದ ಗ್ರಂಥಾಲಯಗಳು ಪ್ರತಿಯೊಂದು ಪ್ರತಿಗೂ ಬೇರೆ ಅಕ್ಸೆಶನ್ ನಂಬರ್ (ದಾಖಲಾತಿ ಸಂಖ್ಯೆ) ಕೊಡುವುದು ಇದಕ್ಕಾಗಿಯೇ. ಅಲ್ಲಿ ಪ್ರತಿಯೇ ಒಂದು ಎಂಟಿಟಿ, ಎರವಲು ಹೋಗುವುದು ಪುಸ್ತಕವಲ್ಲ, ಪ್ರತಿ. ಲೇಖಕರ ವಿಷಯಕ್ಕೆ ಬಂದರೆ, ಲ್ಯಾಬಿನ ಪ್ರಶ್ನೆಯಲ್ಲಿ ಲೇಖಕರ ಹೆಸರು ಮಾತ್ರವಿರುವುದರಿಂದ ಅದು ಪುಸ್ತಕದ ಬಹುಮೌಲ್ಯದ ಅಟ್ರಿಬ್ಯೂಟ್. ಚೆನ್ ಶೈಲಿಯ ನಕ್ಷೆಯಲ್ಲಿ ಜೋಡಿ ಗೆರೆಯ ಅಂಡಾಕೃತಿಯಿಂದ ಅದನ್ನು ತೋರಿಸುತ್ತಾರೆ. ವರ್ಕ್‌ಬೆಂಚ್‌ನಲ್ಲಿ ಅದೂ ಒಂದು ಟೇಬಲ್ಲೇ. ಲೇಖಕರನ್ನು ಎಂಟಿಟಿಯನ್ನಾಗಿ ಮಾಡಿ, 5 ಒತ್ತಿ ಅನೇಕಕ್ಕೆ ಅನೇಕ ಸಂಬಂಧ ಎಳೆದರೆ, ಎರಡೂ ಟೇಬಲ್‌ಗಳ ಹೆಸರಿನ ನಡುವೆ ‘ಹ್ಯಾಸ್’ ಸೇರಿಸಿದ ಮೂರನೆಯ ಟೇಬಲೊಂದು ತಕ್ಷಣ ಹುಟ್ಟುತ್ತದೆ. ಅನುಕೂಲವೇನೋ ನಿಜ. ಆದರೆ ಅನೇಕಕ್ಕೆ ಅನೇಕ ಸಂಬಂಧವನ್ನು ರಿಲೇಶನಲ್ ಮಾದರಿಯಲ್ಲಿ ಏಕೆ ಒಡೆಯಬೇಕೆಂದು ಇನ್ನೂ ಕಲಿಯದವರಿಗೆ ಆ ಟೇಬಲ್ ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ.

ಗೆರೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿ ಫಾರಿನ್ ಕೀ ಟ್ಯಾಬ್‌ಗೆ ಹೋದರೆ ಎರಡೂ ಬದಿಗೆ ‘ಮ್ಯಾಂಡೇಟರಿ’ ಎಂಬ ಚೌಕಗಳಿವೆ. ಫಾರಿನ್ ಕೀ ಇರುವ ಬದಿಯಲ್ಲಿ ಇದಕ್ಕೆ ನಿಜವಾದ ಪರಿಣಾಮವಿದೆ, ಆ ಕಾಲಂ ನಾಟ್ ನಲ್ ಆಗುತ್ತದೆ. ಇನ್ನೊಂದು ಬದಿಯಲ್ಲಿ, ಅಂದರೆ ಪ್ರತಿ ಪ್ರಕಾಶಕನಿಗೂ ಕನಿಷ್ಠ ಒಂದು ಪುಸ್ತಕವಿರಲೇಬೇಕು ಎಂಬಂಥ ಕಡೆಯಲ್ಲಿ, ಟಿಕ್ ಹಾಕಿದರೆ ಬದಲಾಗುವುದು ಚಿತ್ರ ಮಾತ್ರ. ಅಂಥ ನಿಯಮವನ್ನು ಕಾಯುವ ಸಾಮರ್ಥ್ಯ ಸಾಮಾನ್ಯ ಫಾರಿನ್ ಕೀಗೆ ಇಲ್ಲವಾದ್ದರಿಂದ ಹೊರಬರುವ ಎಸ್‌ಕ್ಯೂಎಲ್‌ನಲ್ಲಿ ಅದರ ಸುಳಿವೇ ಇರುವುದಿಲ್ಲ. ನಕ್ಷೆ ನೋಡಿದವರು ನಿಯಮ ಜಾರಿಯಲ್ಲಿದೆಯೆಂದು ನಂಬಿ ಕೂರುತ್ತಾರೆ. ಇಲ್ಲೊಂದು ಎಚ್ಚರಿಕೆಯ ಮಾತನ್ನು ತೋರಿಸಿದ್ದರೆ ಚೆನ್ನಾಗಿತ್ತು.

ತುಂಡುಗೆರೆಯ ಬಗ್ಗೆಯೂ ಎಚ್ಚರವಿರಲಿ. ಒರಾಕಲ್ ವಲಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬಾರ್ಕರ್ ಸಂಕೇತದಲ್ಲಿ ತುಂಡುಗೆರೆಯೆಂದರೆ ಆ ಬದಿಯಲ್ಲಿ ಸಂಬಂಧ ಕಡ್ಡಾಯವಲ್ಲ ಎಂದರ್ಥ. ವರ್ಕ್‌ಬೆಂಚ್‌ನಲ್ಲಿ ತುಂಡುಗೆರೆಯೆಂದರೆ ನಾನ್-ಐಡೆಂಟಿಫೈಯಿಂಗ್. ಕಡ್ಡಾಯವೋ ಅಲ್ಲವೋ ಎಂಬುದನ್ನು ತುದಿಯಲ್ಲಿರುವ ಸೊನ್ನೆ ಅಥವಾ ಅಡ್ಡಗೀಟಿನಿಂದ ತಿಳಿಯಬೇಕು. 2010ರಿಂದ ಮೈಎಸ್‌ಕ್ಯೂಎಲ್ ಕೂಡ ಒರಾಕಲ್ ಒಡೆತನದಲ್ಲಿಯೇ ಇರುವುದರಿಂದ, ಒಂದೇ ಮನೆಯ ಎರಡು ಸಾಧನಗಳಲ್ಲಿ ಒಂದೇ ಗೆರೆಗೆ ಎರಡು ಅರ್ಥ ಬಂದಂತಾಗಿದೆ. ಮಾಡೆಲ್ ಮೆನುವಿನಲ್ಲಿ ಸಂಕೇತವನ್ನು ಯುಎಂಎಲ್, ಐಡೆಫ್1ಎಕ್ಸ್, ಕ್ಲಾಸಿಕ್ ಎಂಬ ಬೇರೆ ಶೈಲಿಗಳಿಗೆ ಬದಲಿಸಿಕೊಳ್ಳಬಹುದು. ಕ್ಲಾಸಿಕ್‌ನಲ್ಲಿ ವಜ್ರಾಕೃತಿ ಕಾಣಿಸಿಕೊಳ್ಳುವುದರಿಂದ ಇದೇ ಚೆನ್ ಶೈಲಿಯೆಂದು ಯಾರಿಗಾದರೂ ಅನಿಸಬಹುದು. ಅದು ಕಾರ್ಡಿನಾಲಿಟಿಯನ್ನು (ಒಂದಕ್ಕೆ ಒಂದೋ ಅನೇಕವೋ ಎಂಬುದನ್ನು) ತೋರಿಸುವ ಗುರುತು ಮಾತ್ರ. ತನ್ನ ನಕ್ಷೆಗಳನ್ನು ವರ್ಕ್‌ಬೆಂಚ್ ಇಇಆರ್ (ವಿಸ್ತರಿತ ಇಆರ್) ಡಯಾಗ್ರಂ ಎಂದು ಕರೆದುಕೊಳ್ಳುತ್ತದೆಯಾದರೂ ಪಠ್ಯದಲ್ಲಿ ಇಇಆರ್‌ನ ಜೀವಾಳವಾಗಿರುವ ಸ್ಪೆಷಲೈಸೇಶನ್ (ಎಂಟಿಟಿಯನ್ನು ಉಪವಿಧಗಳಾಗಿ ಒಡೆಯುವುದು), ಜನರಲೈಸೇಶನ್ (ಹಲವನ್ನು ಒಂದರಡಿ ಸೇರಿಸುವುದು) ಇದರಲ್ಲಿಲ್ಲ.

ನಕ್ಷೆಯಿಂದ ಟೇಬಲ್ ಮಾಡಿಸುವ ಫಾರ್ವರ್ಡ್ ಎಂಜಿನಿಯರಿಂಗ್‌ಗೆ ಪೂರ್ಣ ಅಂಕ ಕೊಡಬಹುದು, ಒಂದು ಷರತ್ತಿನೊಂದಿಗೆ. ನಮ್ಮ ಕಾಲೇಜುಗಳಲ್ಲಿಯೂ ಮನೆಗಳಲ್ಲಿಯೂ ಅನೇಕರು ಬಳಸುವ ಕ್ಸಾಂಪ್ ಎಂಬ ಸರ್ವರ್ ತಂತ್ರಾಂಶಗಳ ಕಟ್ಟಿನೊಳಗೆ ಇರುವುದು ಮೈಎಸ್‌ಕ್ಯೂಎಲ್ ಅಲ್ಲ, ಅದರಿಂದ ಕವಲೊಡೆದ ಮಾರಿಯಾಡಿಬಿ. ವರ್ಕ್‌ಬೆಂಚ್ 8.0 ತಯಾರಿಸುವ ಸ್ಕ್ರಿಪ್ಟ್‌ನಲ್ಲಿ ಪ್ರತಿ ಇಂಡೆಕ್ಸಿನ (ಬೇಗ ಹುಡುಕಲು ನೆರವಾಗುವ ಸೂಚಿ) ಕೊನೆಗೆ ‘ವಿಸಿಬಲ್’ ಎಂಬ ಪದ ಬರುತ್ತದೆ. ಇದು ಮೈಎಸ್‌ಕ್ಯೂಎಲ್ 8.0ರಲ್ಲಿ ಬಂದ ಸೌಲಭ್ಯ. ಮಾರಿಯಾಡಿಬಿಗಾಗಲಿ ಮೈಎಸ್‌ಕ್ಯೂಎಲ್ 5.7ಕ್ಕಾಗಲಿ ಅದು ಅರ್ಥವಾಗದೆ ಸಿಂಟ್ಯಾಕ್ಸ್ ಎರರ್ ಬರುತ್ತದೆ, ಮತ್ತು ನಕ್ಷೆಯಲ್ಲಿಯೇ ದೋಷವಿದೆಯೆಂದು ತಿಳಿದು ಜನ ನಕ್ಷೆಯನ್ನು ತಿದ್ದಲು ಹೊರಡುತ್ತಾರೆ. ಪ್ರಿಫರೆನ್ಸಸ್‌ನ ಮಾಡೆಲಿಂಗ್ ವಿಭಾಗದಲ್ಲಿ ಟಾರ್ಗೆಟ್ ಮೈಎಸ್‌ಕ್ಯೂಎಲ್ ವರ್ಷನ್ ಎಂಬಲ್ಲಿ 5.7 ಎಂದು ಬರೆದರೆ ಆ ಪದ ಬರುವುದಿಲ್ಲ. ಕ್ಸಾಂಪ್ ಬಳಸುವವರು ಮೊದಲ ಟೇಬಲ್ ಹಾಕುವುದಕ್ಕೂ ಮುಂಚೆ ಇದನ್ನು ಮಾಡಿಕೊಳ್ಳುವುದು ಲೇಸು.

ಕನ್ನಡದ ಮಾಹಿತಿ ತುಂಬಲಿರುವವರಿಗೆ ಇನ್ನೊಂದು ಸೂಕ್ಷ್ಮವಿದೆ. ಹೊಸ ಕಾಲಂಗೆ ವರ್ಕ್‌ಬೆಂಚ್ ಸಾಮಾನ್ಯವಾಗಿ ಕೊಡುವ ಅಳತೆ ವಾರ್‌ಕ್ಯಾರ್ 45, ಅಂದರೆ 45ರ ಮಿತಿಯುಳ್ಳ ಪಠ್ಯ. ಈ 45 ಎಂಬುದು ನಾವು ಬಾಯಲ್ಲಿ ಎಣಿಸುವ ಅಕ್ಷರಗಳ ಲೆಕ್ಕವಲ್ಲ, ಯೂನಿಕೋಡ್ ಸಂಕೇತಗಳ ಲೆಕ್ಕ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಸ, ತ, ರ ಎಂಬ ಮೂರು ವ್ಯಂಜನ, ಎರಡು ವಿರಾಮ (ಅರ್ಧಾಕ್ಷರದ ಗುರುತು), ಒಂದು ದೀರ್ಘದ ಗುರುತು ಸೇರಿ ಆರು ಸಂಕೇತಗಳಿವೆ. ಒತ್ತಕ್ಷರ ಹೆಚ್ಚಿರುವ ಹೆಸರು, ತಂದೆಯ ಹೆಸರು, ಊರು ಎಲ್ಲವೂ ಒಂದೇ ಕಾಲಂನಲ್ಲಿದ್ದರೆ 45 ಬೇಗ ಮುಗಿಯುತ್ತದೆ. ಈಗಿನ ಮೈಎಸ್‌ಕ್ಯೂಎಲ್‌ನ ಸ್ಟ್ರಿಕ್ಟ್ ಮೋಡ್‌ನಲ್ಲಿ ಆ ಸಾಲು ಸೇರುವುದೇ ಇಲ್ಲ. ಪುಸ್ತಕದ ಶೀರ್ಷಿಕೆಗೂ ವಿಳಾಸಕ್ಕೂ 150, 200 ಎಂದು ಧಾರಾಳವಾಗಿ ಇಡುವುದರಿಂದ ನಷ್ಟವಿಲ್ಲ. ಹಾಗೆಯೇ ಹೊಸ ಮಾಡೆಲಿನ ಸ್ಕೀಮಾಕ್ಕೆ (ಟೇಬಲ್‌ಗಳ ಗುಂಪಿಗೆ) ವರ್ಕ್‌ಬೆಂಚ್ ಕೊಡುವ ಯುಟಿಎಫ್8 ಎಂಬ ಅಕ್ಷರ ಸಂಕೇತವ್ಯವಸ್ಥೆ ಮೂರು ಬೈಟ್‌ಗಳ ಮಿತಿಯುಳ್ಳದ್ದು. ಕನ್ನಡದ ಸಂಕೇತಗಳಿಗೆ ಮೂರೇ ಬೈಟ್ ಸಾಕಾಗುವುದರಿಂದ ಕನ್ನಡ ಕೆಡುವುದಿಲ್ಲ, ಆದರೆ ಓದುಗರು ಅಭಿಪ್ರಾಯದ ಜೊತೆ ನಾಲ್ಕು ಬೈಟ್ ಬೇಕಾದ ಇಮೋಜಿ ಹಾಕಿದರೆ ಆ ಸಾಲು ಸೇರುವುದಿಲ್ಲ. ಯುಟಿಎಫ್8ಎಂಬಿ4 ಎಂದು ಬದಲಿಸಿಬಿಡುವುದು ಮೇಲು.

ಈಗಾಗಲೇ ಇರುವ ಡೇಟಾಬೇಸ್‌ನಿಂದ ನಕ್ಷೆ ತೆಗೆಯುವ ರಿವರ್ಸ್ ಎಂಜಿನಿಯರಿಂಗ್ ಹಳೆಯ ಪ್ರಾಜೆಕ್ಟ್‌ಗಳನ್ನು ಅರ್ಥಮಾಡಿಕೊಳ್ಳಲು ಬಹಳ ಉಪಯುಕ್ತ. ಆದರೆ ಹಳೆಯ ಪಿಎಚ್‌ಪಿ ಪ್ರಾಜೆಕ್ಟ್‌ಗಳಲ್ಲಿ ಫಾರಿನ್ ಕೀಗಳನ್ನು ಪಾಲಿಸದ ಮೈಐಎಸ್‌ಎಎಂ ಎಂಬ ಬಗೆಯ ಟೇಬಲ್‌ಗಳೇ ಇದ್ದರೆ, ಗೆರೆಯೇ ಇಲ್ಲದ ಪೆಟ್ಟಿಗೆಗಳು ಸಂತೆಯಲ್ಲಿ ಒಬ್ಬರಿಗೊಬ್ಬರು ಪರಿಚಯವಿಲ್ಲದೆ ನಿಂತ ಜನರ ಹಾಗೆ ಕಾಣುತ್ತವೆ. ಅದು ತಂತ್ರಾಂಶದ ತಪ್ಪಲ್ಲ. ಆಟೋಲೇಔಟ್ ಮಾತ್ರ ದುರ್ಬಲ, ಟೇಬಲ್‌ಗಳು ಹೆಚ್ಚಾದಾಗ ಗೆರೆಗಳು ಒಂದರ ಮೇಲೊಂದು ಹರಿದು ಕೊನೆಗೆ ಕೈಯಿಂದಲೇ ಜೋಡಿಸಬೇಕಾಗುತ್ತದೆ.

ಹಲವರು ಸೇರಿ ಕೆಲಸ ಮಾಡುವ ಕಡೆ ಇನ್ನೊಂದು ಕೊರತೆ ಎದ್ದು ಕಾಣುತ್ತದೆ. ವರ್ಕ್‌ಬೆಂಚ್‌ನ ಮಾಡೆಲ್ ಫೈಲ್ ಒಂದು ಜಿಪ್ ಕಟ್ಟು. ಬದಲಾವಣೆಗಳ ಜಾಡು ಇಡುವ ಗಿಟ್‌ನಲ್ಲಿಟ್ಟರೆ ಯಾರು ಯಾವ ಕಾಲಂ ಬದಲಿಸಿದರೆಂದು ಸಾಲುಸಾಲಾಗಿ ನೋಡಲಾಗದು. ಅಂಥವರಿಗೆ ನಕ್ಷೆಯನ್ನು ಪಠ್ಯವಾಗಿಯೇ ಬರೆಯುವ ಡಿಬಿಡಯಾಗ್ರಂ ಅಥವಾ ಮರ್ಮೇಯ್ಡ್ ಹೆಚ್ಚು ಒಗ್ಗುತ್ತವೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರಿಗೆ ಅದರ ನಿರ್ವಹಣಾ ಸಾಧನವಾದ ಪಿಜಿಅಡ್ಮಿನ್‌ನಲ್ಲಿಯೇ ಇಆರ್‌ಡಿ ಸಾಧನವಿದೆ. ಚೆನ್ ಶೈಲಿಯಲ್ಲಿಯೇ ಬರೆಯಬೇಕೆಂದರೆ ಉಚಿತವಾದ ಡ್ರಾ.ಐಓ ಸಾಕು, ಅದಕ್ಕೆ ಡೇಟಾಬೇಸ್ ಬಗ್ಗೆ ಏನೂ ತಿಳಿಯದು, ಆಯತ-ವಜ್ರಗಳನ್ನು ಎಲ್ಲಿ ಬೇಕಾದರೂ ಇಡಲು ಬಿಡುತ್ತದೆ, ಮತ್ತು ಯೋಚಿಸುವ ಹಂತದಲ್ಲಿ ಬೇಕಾದ ಸ್ವಾತಂತ್ರ್ಯ ಅದೇ.

ನನ್ನ ಸಲಹೆ ಇಷ್ಟು: ಎಂಟಿಟಿ, ಸಂಬಂಧ, ಕಾರ್ಡಿನಾಲಿಟಿಗಳನ್ನು ಮೊದಲು ಕಾಗದದಲ್ಲಿಯೋ ಡ್ರಾ.ಐಓದಲ್ಲಿಯೋ ಚೆನ್ ಶೈಲಿಯಲ್ಲಿ ಬರೆದು, ಪ್ರತಿ ವಜ್ರದ ಮುಂದೆ ಅದರ ಪ್ರೈಮರಿ ಕೀ ಏನಾಗಬೇಕೆಂದು ಗುರುತು ಮಾಡಿಕೊಂಡ ಮೇಲೆ ವರ್ಕ್‌ಬೆಂಚ್ ತೆರೆಯಿರಿ. ವಿದ್ಯಾರ್ಥಿಗಳಿಗೂ ಸಣ್ಣ ತಂಡಗಳಿಗೂ ಕಮ್ಯುನಿಟಿ ಆವೃತ್ತಿಯೇ ಸಾಕು. ಹಣ ಕೊಟ್ಟ ಆವೃತ್ತಿಯಲ್ಲಿ ಮಾಡೆಲ್ ಪರಿಶೀಲನೆ ಮತ್ತು ದಾಖಲೆ ತಯಾರಿಕೆ ಹೆಚ್ಚುವರಿಯಾಗಿ ಸಿಗುತ್ತವೆ, ದೊಡ್ಡ ಸಂಸ್ಥೆಗಳಿಗೆ ಅದು ಬೇಕಾಗಬಹುದು. ನಕ್ಷೆಯನ್ನು ಪಿಡಿಎಫ್, ಎಸ್‌ವಿಜಿ, ಪಿಎನ್‌ಜಿ ರೂಪದಲ್ಲಿ ತೆಗೆದು ಪ್ರಾಜೆಕ್ಟ್ ವರದಿಗೆ ಸೇರಿಸಬಹುದು. ಮುದ್ರಣಕ್ಕೆ ಎಸ್‌ವಿಜಿ ಅಥವಾ ಪಿಡಿಎಫ್ ಆರಿಸಿದರೆ ಅಕ್ಷರಗಳು ಮಸುಕಾಗುವುದಿಲ್ಲ. ವರದಿಯಲ್ಲಿ ಆ ಚಿತ್ರದ ಕೆಳಗೆ ‘ಸ್ಕೀಮಾ ಡಯಾಗ್ರಂ’ ಎಂದು ಬರೆದು, ‘ಇಆರ್ ಡಯಾಗ್ರಂ’ ಎಂಬ ಪುಟಕ್ಕೆ ವಜ್ರಾಕೃತಿಗಳಿರುವ ಮೊದಲ ನಕ್ಷೆಯನ್ನು ಹಾಕುವುದು ಸರಿಯಾದ ಕ್ರಮ. ವೈವಾದಲ್ಲಿ ಪರೀಕ್ಷಕರು ಕೇಳುವ ವೀಕ್ ಎಂಟಿಟಿ (ಇನ್ನೊಂದನ್ನು ಅವಲಂಬಿಸಿಯೇ ಗುರುತಿಸಬಹುದಾದ ಎಂಟಿಟಿ) ಯಾವುದು, ಬಹುಮೌಲ್ಯದ ಅಟ್ರಿಬ್ಯೂಟ್ ಯಾವುದು ಎಂಬ ಪ್ರಶ್ನೆಗಳಿಗೆ ಬೆರಳಿಟ್ಟು ತೋರಿಸಬಹುದಾದದ್ದು ಆ ಪುಟದಲ್ಲಿ ಮಾತ್ರ.